ಹೋಗದ ಗಾಡಿ ಆರಿಸಿದ ಬೆಂಕಿ

ನಮ್ಮ ಅಗ್ನಿಶಾಮಕ ಠಾಣೆ ಬೆಳೆದು ಬಂದ ಬಗೆಯನ್ನು ಎರಡು ಪುಟದಲ್ಲಿ ಬರೆದುಕೊಡು ಎಂದು ನನಗೆ ಹೇಳಿದ್ದರು. ಹೊಸ ಗಾಡಿಯ ಉದ್ಘಾಟನೆಗೆಂದು ಒಂದು ಸ್ಮರಣ ಸಂಚಿಕೆ ತರುವವರಿದ್ದರು. ಠಾಣೆ ಶುರುವಾದ ದಿನದಿಂದ ಇಲ್ಲೇ ಗಾಡಿ ಓಡಿಸುತ್ತಿರುವವನು ನಾನೊಬ್ಬನೇ, ಹಾಗಾಗಿ ಆ ಕೆಲಸ ನನ್ನ ತಲೆಗೆ ಕಟ್ಟಿದರು. ಬರೆದುಕೊಟ್ಟೆ. ಅಚ್ಚಾಗಿ ಬಂದದ್ದನ್ನು ಓದಿದಾಗ ಬಾಯೆಲ್ಲ ಕಹಿಯಾಯಿತು. ಗಣ್ಯರ ಫೋಟೊ ಇತ್ತು, ಕಟ್ಟಡದ ಫೋಟೊ ಇತ್ತು, ನಾವೆಲ್ಲ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುವ ಫೋಟೊ ಇತ್ತು. ನಾನು ಬರೆದಿದ್ದ ಒಂದು ಬೆಂಕಿ ಮಾತ್ರ ಇರಲಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಣ್ಣುಮಗಳ ಮನೆ ಸುಟ್ಟ ಬೆಂಕಿ ಅದು. ಆರಿಸಿದವರು ನಾವು. ಬೆಂಕಿ ಬಿದ್ದದ್ದು ನಿಜ ಎಂದು ಹೇಳುವ ಒಂದು ಹಾಳೆ ಕಾಗದಕ್ಕಾಗಿ ಆಕೆ ನಮ್ಮ ಠಾಣೆಯ ಮೆಟ್ಟಿಲು ಸವೆಸಿದಳು. ಸಂಚಿಕೆಯವರು ಕಿತ್ತುಹಾಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇರುವ ಒಂದು ಚಿಕ್ಕ ಪಟ್ಟಣ ಎಂದುಕೊಂಡರೆ ಸಾಕು.

ನಮ್ಮಲ್ಲಿ ಠಾಣೆ ಬರುವ ಮೊದಲು ಎಲ್ಲಿ ಬೆಂಕಿ ಬಿದ್ದರೂ ನಂಜನಗೂಡಿನಿಂದಲೋ ನರಸೀಪುರದಿಂದಲೋ ಗಾಡಿ ಬರಬೇಕಿತ್ತು. ಎರಡೂ ದೂರವೇ. ಅವರು ಎಷ್ಟು ಜೋರಾಗಿ ಓಡಿಸಿಕೊಂಡು ಬಂದರೂ ಬೂದಿ ಕೆದಕುವ ಕೆಲಸವಷ್ಟೇ ಉಳಿದಿರುತ್ತಿತ್ತು. ಜನ ಅರ್ಜಿ ಕೊಟ್ಟು ಕೊಟ್ಟು ಸುಸ್ತಾದ ಮೇಲೆ, ಸಂತೆ ಮೈದಾನದ ಪಕ್ಕದ ಹಳೆಯ ಬಿತ್ತನೆ ಬೀಜದ ಗೋದಾಮಿನಲ್ಲಿ ನಮ್ಮನ್ನು ತಂದು ಕೂರಿಸಿದರು. ಆರು ಜನ, ಒಂದು ಫೋನು, ಬೇರೆಲ್ಲೋ ದುಡಿದು ಹಣ್ಣಾದ ಒಂದು ಜಲವಾಹನ. ಗೋದಾಮಿನ ಬಾಗಿಲು ಗಾಡಿಗಿಂತ ಗಿಡ್ಡ. ಹಾಗಾಗಿ ಗಾಡಿ ಹೊರಗೆ ಹೊಂಗೆ ಮರದ ಕೆಳಗೆ, ನಾವು ಒಳಗೆ ಇಲಿಗಳ ಜೊತೆ. ಬೀಜಕ್ಕೆ ಹಾಕುವ ಔಷಧಿಯ ವಾಸನೆ ನಮ್ಮ ಬಟ್ಟೆಗೆ ಹತ್ತಿ, ಮನೆಯಲ್ಲಿ ಹೆಂಡತಿ ನನ್ನ ಯೂನಿಫಾರ್ಮನ್ನು ಬೇರೆ ಬಕೆಟಿನಲ್ಲಿ ನೆನೆಹಾಕುತ್ತಿದ್ದಳು.

ಆದರೂ ಆಗ ಬೇಜಾರಿರಲಿಲ್ಲ ಎಂದು ಸತ್ಯವಾಗಿ ಹೇಳುತ್ತೇನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ಕಬ್ಬಿನ ಗದ್ದೆಗೆ ನುಗ್ಗುವುದು, ನಾಲೆಯಿಂದ ನೀರು ಎಳೆಯುವುದು, ಆಲೆಮನೆಯ ಒಣಗಿದ ಸಿಪ್ಪೆಯ ರಾಶಿ ಒಳಗೊಳಗೇ ಹೊಗೆಯಾಡುವಾಗ ಅದನ್ನು ಬಿಡಿಸಿ ಬಿಡಿಸಿ ತಣಿಸುವುದು, ಎಲ್ಲ ಕಲಿತದ್ದು ಅಲ್ಲೇ. ಆಮೇಲೆ ಜಾಗ ಮಂಜೂರಾಯಿತು. ಒಂದು ಗಾಡಿ ನಿಲ್ಲುವ ಷೆಡ್ಡಿನ ಕಟ್ಟಡ ಎದ್ದಿತು. ಬೋರ್‌ವೆಲ್ ಬಂತು, ನೆಲದಡಿ ನೀರಿನ ತೊಟ್ಟಿ ಬಂತು, ಜನ ಹದಿನಾರಾದರು. ಗಾಡಿ ಮಾತ್ರ ಅದೇ ಮುದಿಗಾಡಿ.

ಆ ಮುದಿಗಾಡಿಗೆ ಎರಡು ಕಾಯಿಲೆ. ಟ್ಯಾಂಕು ತಳದಲ್ಲಿ ತುಕ್ಕು ತಿಂದು ಸೋರುತ್ತಿತ್ತು. ಸಂಜೆ ತುಂಬಿಸಿಟ್ಟರೆ ಬೆಳಿಗ್ಗೆಗೆ ಮುಕ್ಕಾಲು ಭಾಗವೂ ಇರುತ್ತಿರಲಿಲ್ಲ. ದಿನಕ್ಕೆ ಎರಡು ಸಲ ತುಂಬಿಸಿ ಅದನ್ನು ಹೇಗೋ ಸುಧಾರಿಸುತ್ತಿದ್ದೆವು. ಎರಡನೆಯ ಕಾಯಿಲೆಗೆ ಮದ್ದಿರಲಿಲ್ಲ. ಕೆರೆಯದೋ ನಾಲೆಯದೋ ನೀರು ಎಳೆಯಬೇಕಾದರೆ ನೀರಿಗೆ ಇಳಿಬಿಟ್ಟ ಪೈಪಿನೊಳಗಿನ ಗಾಳಿಯನ್ನು ಮೊದಲು ತೆಗೆಯಬೇಕು. ಆ ಕೆಲಸ ಮಾಡುವುದು ಪ್ರೈಮರ್. ನಮ್ಮ ಗಾಡಿಯ ಪ್ರೈಮರ್ ಮನಸ್ಸು ಬಂದರೆ ಎಳೆಯುತ್ತಿತ್ತು, ಇಲ್ಲದಿದ್ದರೆ ಗೊರಗೊರ ಎಂದು ಸುಮ್ಮನಾಗುತ್ತಿತ್ತು. ಅಂದರೆ ಟ್ಯಾಂಕಿನಲ್ಲಿ ತಂದ ನೀರು ಮುಗಿದರೆ, ಪಕ್ಕದಲ್ಲಿ ಕಬಿನಿಯೇ ಹರಿಯುತ್ತಿದ್ದರೂ ನಾವು ಕೈಕಟ್ಟಿ ನಿಲ್ಲಬೇಕು.

ಹೊಸ ಗಾಡಿ ಬಂದದ್ದು ಒಬ್ಬ ಮುಖಂಡರ ಅನುದಾನದಲ್ಲಿ. ಊರೆಲ್ಲ ಅವರನ್ನು ದೊಡ್ಡವರು ಎನ್ನುತ್ತಿತ್ತು, ನಾನೂ ಹಾಗೇ ಬರೆಯುತ್ತೇನೆ. ಗಾಡಿಯನ್ನು ಬಾಡಿ ಕಟ್ಟಿದ ಜಾಗದಿಂದ ಓಡಿಸಿಕೊಂಡು ತಂದವನು ನಾನು. ಬರುವ ದಾರಿಯಲ್ಲಿ ನಂಜನಗೂಡಿನಲ್ಲಿ ನಿಲ್ಲಿಸಿ ದೇವಸ್ಥಾನದ ಮುಂದೆ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಹತ್ತಿಸಿಕೊಂಡು ಬಂದೆ. ಮಾರನೆಯ ಬೆಳಿಗ್ಗೆ ಠಾಣೆಯ ತೊಟ್ಟಿಗೆ ಪೈಪು ಇಳಿಸಿ ಪ್ರೈಮರ್ ಹಾಕಿದೆ. ಇಪ್ಪತ್ತು ಎಣಿಸುವಷ್ಟರಲ್ಲಿ ನೀರು ಏರಿ ಬಂತು. ಪಕ್ಕದಲ್ಲಿ ಸುತ್ತಿಟ್ಟ ಉದ್ದದ ರಬ್ಬರ್ ಪೈಪು, ಅದರ ತುದಿಗೆ ನೀರನ್ನು ಮಂಜಿನ ಹಾಗೆ ಚಿಮ್ಮಿಸುವ ಗನ್ನು. ಹದಿನಾರು ಜನವೂ ಬಂದು ಸವರಿ ಸವರಿ ನೋಡಿದರು. ನಮ್ಮ ಪ್ರಮುಖ ಅಗ್ನಿಶಾಮಕ, ಅಂದರೆ ಬೆಂಕಿಯ ಮುಂದೆ ತಂಡ ನಡೆಸುವವನು, ಯಾವಾಗಲೂ ಮುಖ ಗಂಟಿಕ್ಕಿಕೊಂಡೇ ಇರುವ ಮನುಷ್ಯ, ಅವನೂ ಅವತ್ತು ನಕ್ಕ.

ಅದೇ ಸಂಜೆ ದೊಡ್ಡವರ ಕಡೆಯವರು ನಾಲ್ಕು ಜನ ಬಂದರು. ಎರಡೂ ಬಾಗಿಲಿಗೆ ದೊಡ್ಡವರ ನಗುಮುಖದ ಸ್ಟಿಕ್ಕರ್ ಅಂಟಿಸಿದರು. ಇಲಾಖೆಯ ಲಾಂಛನ ಅಂಗೈಯಷ್ಟು, ಆ ಮುಖ ಮೊರದಷ್ಟು. ಮೂತಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದರು. ನಮ್ಮ ಠಾಣಾಧಿಕಾರಿ, ಅಂದರೆ ನಮ್ಮ ಸಾಹೇಬರು, ಕೀಲಿಯನ್ನು ತೆಗೆದುಕೊಂಡು ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದರು. ದಿನಾ ಬೆಳಿಗ್ಗೆ ಬ್ಯಾಟರಿ ಇಳಿಯದ ಹಾಗೆ ಹತ್ತು ನಿಮಿಷ ಎಂಜಿನ್ ಓಡಿಸಬಹುದು, ಅಷ್ಟೇ. ನಾನು ಕೇಳಿದೆ, "ದೇವ್ರ ಪೂಜೆ ಆಯ್ತಲ್ಲ ಸಾ, ಇನ್ಯಾರ ಪೂಜೆ ಬಾಕಿ ಅದೆ?"

"ಉದ್ಘಾಟನೆ ಆಗೋ ತನಕ ಇದು ಗಾಡಿ ಅಲ್ಲ ಕಣಯ್ಯ, ಸಾಮಾನು," ಎಂದರು ಸಾಹೇಬರು. ಕೆಟ್ಟ ಮನುಷ್ಯನೇನಲ್ಲ. ಎಲ್ಲಿ ವರ್ಗ ಮಾಡಿ ಬೀದರ್ ಕಡೆ ಎತ್ತಿ ಹಾಕುತ್ತಾರೋ ಎಂಬ ಪುಕ್ಕಲು. ಆದರೆ ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು, ಕೆಟ್ಟವರಿಗಿಂತ ಪುಕ್ಕಲರಿಂದಲೇ ಜನಕ್ಕೆ ಹೆಚ್ಚು ತೊಂದರೆ.

ಆ ಹೊತ್ತಿಗೆ ಧನುರ್ಮಾಸ ಹಿಡಿದಿತ್ತು. ಶೂನ್ಯ ಮಾಸದಲ್ಲಿ ದೊಡ್ಡವರು ಯಾವುದಕ್ಕೂ ರಿಬ್ಬನ್ ಕತ್ತರಿಸುವುದಿಲ್ಲವಂತೆ. ಸಂಕ್ರಾಂತಿ ಕಳೆಯಲಿ ಎಂದರು. ಸಂಕ್ರಾಂತಿ ಕಳೆಯಿತು, ಮದುವೆಗಳು ಶುರುವಾದವು, ದೊಡ್ಡವರಿಗೆ ಪುರುಸೊತ್ತಿಲ್ಲ. ಎರಡು ಸಲ ಶಾಮಿಯಾನ ಹಾಕಿದೆವು, ಎರಡು ಸಲ ಬಿಚ್ಚಿದೆವು. ಗಾಡಿಗೆ ಹಾಕಿದ ಚೆಂಡುಹೂವಿನ ಹಾರ ಒಣಗಿ ಉದುರಿ, ಹೊಸ ಹಾರ ಬಂದು, ಅದೂ ಒಣಗಿತು. ಬೆಂಕಿಗೆ ಹೋಗುವ ಮುದಿಗಾಡಿ ಹೊರಗೆ ಬಿಸಿಲಿನಲ್ಲಿ, ಎಲ್ಲಿಗೂ ಹೋಗದ ಹೊಸ ಗಾಡಿ ಒಳಗೆ ನೆರಳಿನಲ್ಲಿ. ಬೆಳಿಗ್ಗೆ ಅದರ ಎಂಜಿನ್ ಓಡಿಸುವ ನೆಪದಲ್ಲಿ ನಾನು ಟ್ಯಾಂಕನ್ನು ತುಂಬಿಸಿಡುತ್ತಿದ್ದೆ. ಸಾಹೇಬರು ಕಂಡರೂ ಕಾಣದ ಹಾಗಿದ್ದರು.

ಅಷ್ಟರಲ್ಲಿ ಬಿಳಿಗೆರೆ ಕಡೆಯ ಒಂದು ಹಳ್ಳಿಯಿಂದ ಹುಲ್ಲಿನ ಮೆದೆಗೆ ಬೆಂಕಿ ಎಂದು ಕರೆ ಬಂತು. ಮುದಿಗಾಡಿಯನ್ನೇ ಹೊಡೆದುಕೊಂಡು ಹೋದೆವು. ಮೆದೆಯ ಬೆಂಕಿ ಮೇಲೆ ಆರಿದ ಹಾಗೆ ಕಂಡರೂ ಒಳಗೆ ಕೆಂಡ ಕೂತಿರುತ್ತದೆ, ಬಿಡಿಸಿ ಬಿಡಿಸಿ ನೀರು ಹಾಕುತ್ತಲೇ ಇರಬೇಕು. ಹತ್ತು ನಿಮಿಷಕ್ಕೆ ಟ್ಯಾಂಕು ಖಾಲಿ. ನಾಲೆ ಇದ್ದದ್ದು ಅರವತ್ತು ಹೆಜ್ಜೆ ದೂರ, ತುಂಬಿ ಹರಿಯುತ್ತಿತ್ತು. ಪೈಪು ಇಳಿಸಿದೆ. ಪ್ರೈಮರ್ ಹಾಕಿದೆ. ಗೊರಗೊರ. ಪೈಪಿನ ಕೀಲುಗಳನ್ನೆಲ್ಲ ಬಿಚ್ಚಿ ವಾಷರ್ ನೋಡಿ ಮತ್ತೆ ಬಿಗಿದೆ. ಗಾಳಿ ನುಗ್ಗದಿರಲಿ ಎಂದು ಕೀಲಿನ ಸುತ್ತ ನಾಲೆಯ ಜೇಡಿಮಣ್ಣು ಮೆತ್ತಿದೆ. ಪೈಪಿನ ಬಾಯಿಯನ್ನು ಇನ್ನೂ ಆಳಕ್ಕೆ ಇಳಿಸಿದೆ. ಗೊರಗೊರ. ಕಣ್ಣೆದುರಿಗೆ ಪಕ್ಕದ ಎರಡು ಮೆದೆಗೂ, ದನದ ಕೊಟ್ಟಿಗೆಯ ಮಾಡಿಗೂ ಹತ್ತಿಕೊಂಡಿತು. ಕೊನೆಗೆ ನಂಜನಗೂಡಿನ ಗಾಡಿ ಬಂದು ಉಳಿದದ್ದನ್ನು ಆರಿಸಿತು.

ಮೆದೆಯ ಯಜಮಾನ ನಮ್ಮ ಮುಂದೆ ಬಂದು ನಿಂತು ಗಾಡಿಯ ಚಕ್ರದ ಹತ್ತಿರ ಥೂ ಎಂದು ಉಗಿದ. "ಗಂಟೆ ಒಡ್ಕಂಡ್ ಬಂದು ನೋಡ್ಕಂಡ್ ನಿಂತ್ಕಳಾಕೆ ನಿಮ್ಗೆ ಸಂಬ್ಳ ಬೇರೆ ಕೊಟ್ಟಾರಾ?" ಎಂದ. ನಾನು ಪೈಪು ಸುತ್ತತೊಡಗಿದೆ. ಷೆಡ್ಡಿನಲ್ಲಿ ಚೆನ್ನಾಗಿರುವ ಗಾಡಿಯೊಂದನ್ನು ಹಾರ ಹಾಕಿ ನಿಲ್ಲಿಸಿ ಬಂದಿದ್ದೇವೆ ಎಂದು ಆ ಮನುಷ್ಯನಿಗೆ ಹೇಳಿದ್ದರೆ ಮುಖಕ್ಕೇ ಉಗಿಯುತ್ತಿದ್ದ. ಉಗಿದಿದ್ದರೆ ಸರಿಯೇ ಇತ್ತು.

ಆ ಅವಮಾನದ ಮೇಲೆ ಸಾಹೇಬರಿಗೂ ನಾಚಿಕೆಯಾಗಿ, ಮುದಿಗಾಡಿಯನ್ನು ರಿಪೇರಿಗೆಂದು ಮೈಸೂರಿನ ವರ್ಕ್‌ಷಾಪಿಗೆ ಕಳಿಸಿದರು. ಟ್ಯಾಂಕಿಗೆ ಬೆಸುಗೆ, ಪ್ರೈಮರ್ ಬಿಚ್ಚಿ ಹೊಸ ಭಾಗ. ಹಳೆಯದು ಬರುವವರೆಗೆ ಹೊಸದನ್ನು ಓಡಿಸಬಹುದು ಎಂದು ನಾನು ಕುಣಿದೆ. ಓಡಿಸುವ ಹಾಗಿಲ್ಲ ಎಂದರು. ಕರೆ ಬಂದರೆ ಅಕ್ಕಪಕ್ಕದ ಠಾಣೆಗೆ ದಾಟಿಸಬೇಕಂತೆ. ಹದಿನಾರು ಜನ ಯೂನಿಫಾರ್ಮ್ ಹಾಕಿಕೊಂಡು ಒಂದು ಗಾಡಿಯ ಸುತ್ತ ಕೂತು ಕಾಯುವುದು, ಆ ಗಾಡಿಗೂ ರಿಬ್ಬನ್ನು. ನನಗಂತೂ ತಲೆ ಕೆಟ್ಟು ಕೆರ ಹಿಡಿದುಹೋಯಿತು.

ಅದಾದ ಮೇಲೆ ಚುನಾವಣೆ ಘೋಷಣೆಯಾಯಿತು. ನೀತಿ ಸಂಹಿತೆ ಬಂತು. ಮುಖಂಡರ ಹೆಸರು, ಫೋಟೊ ಎಲ್ಲಿದ್ದರೂ ಮುಚ್ಚಬೇಕು. ಸಾಹೇಬರು ಬೆವೆತುಕೊಂಡು ಓಡಿಬಂದರು. ಮೈದಾ ಹಿಟ್ಟು ಕಾಯಿಸಿ ಅಂಟು ಮಾಡಿ, ಹಳೆಯ ನ್ಯೂಸ್ ಪೇಪರನ್ನು ಎರಡೂ ಬಾಗಿಲಿನ ಆ ನಗುಮುಖದ ಮೇಲೆ ಅಂಟಿಸಿದವನು ನಾನೇ. ಸ್ಟಿಕ್ಕರನ್ನೇ ಕಿತ್ತುಹಾಕೋಣ ಎಂದೆ. ಕಿತ್ತರೆ ದೊಡ್ಡವರಿಗೆ ಬೇಸರವಾಗುತ್ತದೆ, ಚುನಾವಣೆ ಮುಗಿದ ಮೇಲೆ ಪೇಪರ್ ತೊಳೆದರೆ ಮುಖ ಹಾಗೇ ಸಿಗುತ್ತದೆ ಎಂದರು. ಸುತ್ತೋಲೆಯನ್ನು ನಾನೂ ತೆಗೆದು ಓದಿದೆ. ಸಮಾರಂಭ ಮಾಡಬಾರದು ಎಂದಿತ್ತು, ಗಾಡಿ ಓಡಿಸಬಾರದು ಎಂದು ಎಲ್ಲೂ ಇರಲಿಲ್ಲ. ಬೆರಳಿಟ್ಟು ತೋರಿಸಿದೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು, "ರಿಬ್ಬನ್ ಕತ್ತರಿಸ್ದೆ ಓಡ್ಸಿದ್ರೆ ದೊಡ್ಡೋರು ಬಿಡಲ್ಲ. ಕತ್ತರಿಸಿ ಓಡ್ಸಿದ್ರೆ ಎಲೆಕ್ಷನ್ನೋರು ಬಿಡಲ್ಲ. ನನ್ನ ಕೊಲ್ಬೇಡ ಕಣಯ್ಯ."

ಆ ಮಧ್ಯಾಹ್ನ ಸಾಹೇಬರು ಚುನಾವಣೆ ತರಬೇತಿಗೆಂದು ಮೈಸೂರಿಗೆ ಹೋಗಿದ್ದರು. ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಫೋನು ಬಂತು. ಊರಿನ ಅಂಚಿನ ಕಾಲೊನಿಯಿಂದ, ನೆರೆಮನೆಯ ಹೆಂಗಸು. ಗ್ಯಾಸ್ ಪೈಪಿಗೆ ಬೆಂಕಿ ಹತ್ತಿಕೊಂಡಿದೆ, ಮಾಡಿಗೆ ಏರುತ್ತಿದೆ, ಒಳಗಿನ ಕೋಣೆಯಲ್ಲಿ ಲಕ್ವ ಹೊಡೆದ ಮುದುಕ ಮಲಗಿದ್ದಾನೆ, ಸೊಸೆ ಕೆಲಸಕ್ಕೆ ಹೋಗಿದ್ದಾಳೆ, ಬಾಗಿಲ ಹತ್ತಿರ ಹೋಗಲಾಗುತ್ತಿಲ್ಲ. ನರಸೀಪುರಕ್ಕೆ ಫೋನು ಹಾಕಿದೆವು. ಅವರ ಗಾಡಿ ತಲಕಾಡಿನ ಕಡೆ ಕಬ್ಬಿನ ಗದ್ದೆಯ ಬೆಂಕಿಗೆ ಹೋಗಿತ್ತು. ನಂಜನಗೂಡಿನವರು ಹೊರಟೆವು ಎಂದರು, ಆದರೆ ಮುಕ್ಕಾಲು ಗಂಟೆ ಬೇಕು. ಗ್ಯಾಸಿನ ಬೆಂಕಿಗೆ ಮುಕ್ಕಾಲು ಗಂಟೆ ಎಂದರೆ ಏನೆಂದು ನಮಗೆಲ್ಲ ಗೊತ್ತು.

ಸಾಹೇಬರಿಗೆ ಫೋನು ಮಾಡಿದೆ. ಪಕ್ಕದ ಠಾಣೆಗೆ ಹೇಳಿ ಎಂದರು. ಹೇಳಿ ಆಯಿತು ಸಾ, ಮನುಷ್ಯ ಒಳಗಿದ್ದಾನೆ ಎಂದೆ. ತರಬೇತಿ ನಡೀತಿದೆ ಎಂದು ಇಟ್ಟುಬಿಟ್ಟರು. ಬೇಡ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಥೂ ಎನಿಸಿತು. ಬೈದಿದ್ದರೆ ಎಷ್ಟೋ ಮೇಲಿತ್ತು.

ಷೆಡ್ಡಿನ ಗೋಡೆಯಲ್ಲಿ ಬಾಗಿಲು ಒಡೆಯುವ ಕಬ್ಬಿಣದ ಸಲಾಕೆ ಇತ್ತು. ಅದನ್ನು ತಂದು ಡ್ರಾಯರಿನ ಸಂದಿಗೆ ಹಾಕಿ ಮೀಟಿದೆ. ಪ್ರಮುಖ ಅಗ್ನಿಶಾಮಕ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆ ಹೊತ್ತಿಗೆ ಠಾಣೆಗೆ ಅವನೇ ಹಿರಿಯ. ಅವನು ಬೇಡ ಎಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. "ಕೇಳಿದ್ರೆ ನೀನೇ ತಗಂಡೋದೆ ಅಂತ ಏಳ್ತೀನಿ ಕಣಣ್ಣ," ಎಂದ. ಹೇಳು ಎಂದೆ. ಹೆಲ್ಮೆಟ್ ಹಾಕಿಕೊಂಡು ಎಲ್ಲರಿಗಿಂತ ಮೊದಲು ಅವನೇ ಗಾಡಿ ಹತ್ತಿದ. ರಿಬ್ಬನ್ ಬಿಚ್ಚುವಷ್ಟು ಪುರುಸೊತ್ತು ಯಾರಿಗಿತ್ತು? ಅದು ಗಾಡಿಯ ಮೂತಿಗೇ ಸಿಕ್ಕಿಕೊಂಡು ಕಿತ್ತು ಬಂತು.

ಕಾಲೊನಿಯ ಬೀದಿ ಕಿರಿದು. ಮೂಲೆಯ ಮನೆಯ ಜಗಲಿಗೆ ಗಾಡಿಯ ಪಕ್ಕೆ ಉಜ್ಜಿಕೊಂಡೇ ಒಳಗೆ ನುಗ್ಗಿಸಿದೆ. ಒಂದೇ ಗೋಡೆಗೆ ಅಂಟಿಕೊಂಡ ಆರು ಮನೆಗಳ ಸಾಲು. ಮೂರನೆಯ ಮನೆಯ ಮಾಡಿನ ತೊಲೆಗೆ ಹತ್ತಿ ಹೆಂಚುಗಳು ಸಿಡಿಯುತ್ತಿದ್ದವು. ಗನ್ನಿಗೆ ಕಟ್ಟಿದ ಪ್ಲಾಸ್ಟಿಕ್ ಹೊದಿಕೆಯನ್ನೇ ಯಾರೂ ಬಿಚ್ಚಿರಲಿಲ್ಲ, ದಾರ ಗಂಟಾಗಿತ್ತು, ಹಲ್ಲಿನಲ್ಲಿ ಕಡಿದರು. ನಾನು ಪಂಪು ಹಾಕಿ ಒತ್ತಡ ಏರಿಸಿದೆ. ಗ್ಯಾಸಿನ ಬೆಂಕಿಯನ್ನು ಮೊದಲೇ ಆರಿಸಬಾರದು. ಆರಿಸಿದರೆ ಗ್ಯಾಸು ಮನೆ ತುಂಬಿಕೊಂಡು, ಮಾಡಿನ ಕಿಡಿ ತಾಗಿ ಎಲ್ಲರನ್ನೂ ಎತ್ತಿ ಎಸೆಯುತ್ತದೆ. ಸಿಲಿಂಡರು ಕಾಯದ ಹಾಗೆ ನೀರು ಹಾಕುತ್ತ, ಮಂಜಿನ ಪರದೆಯ ಹಿಂದೆ ಬಗ್ಗಿಕೊಂಡು ಹತ್ತಿರ ಹೋಗಿ ತಿರುಪು ಮುಚ್ಚಬೇಕು. ಪ್ರಮುಖ ಅಗ್ನಿಶಾಮಕನೂ ಇನ್ನೊಬ್ಬನೂ ಹಾಗೆ ಹೋದರು. ಇನ್ನಿಬ್ಬರು ಹಿತ್ತಲಿಗೆ ಓಡಿ, ಕಿಟಕಿಯ ಚೌಕಟ್ಟನ್ನು ಸಲಾಕೆಯಿಂದ ಎಬ್ಬಿಸಿ ಒಳಗೆ ಇಳಿದರು.

ಮುದುಕನನ್ನು ಚಾಪೆ ಸಮೇತ ಸುತ್ತಿ ಕಿಟಕಿಯಿಂದ ಆಚೆ ಕೊಟ್ಟರು. ಹೊಗೆ ಕುಡಿದು ಕೆಮ್ಮುತ್ತಿದ್ದ, ಬದುಕಿದ್ದ. ಒದ್ದೆ ಗೋಣಿಚೀಲ ಕೈಗೆ ಸುತ್ತಿಕೊಂಡು ಸಿಲಿಂಡರಿನ ತಿರುಪು ಮುಚ್ಚಿದ ಪ್ರಮುಖ ಅಗ್ನಿಶಾಮಕ ಅದನ್ನು ಅಪ್ಪಿಕೊಂಡೇ ಹೊರಗೆ ತಂದ. ಅಷ್ಟರಲ್ಲಿ ಟ್ಯಾಂಕಿನ ನೀರು ತಳ ಕಾಣುತ್ತಿತ್ತು. ಮಾಡಿನ ಬೆಂಕಿ ಪಕ್ಕದ ಮನೆಯ ತೊಲೆಗೆ ನಾಲಗೆ ಚಾಚಿತ್ತು. ಬೀದಿಯ ಕೊನೆಯಲ್ಲಿ ದನ ತೊಳೆಯುವ ನೀರಿನ ಕಟ್ಟೆ ಇತ್ತು. ಪೈಪು ಇಳಿಸಿದೆವು. ಪ್ರೈಮರಿನ ಹಿಡಿ ಎಳೆಯುವಾಗ ಬಿಳಿಗೆರೆಯ ಆ ಮನುಷ್ಯನ ಮುಖವೇ ಕಣ್ಣಿಗೆ ಬರುತ್ತಿತ್ತು. ನೀರು ಏರಿತು. ಒತ್ತಡ ತೋರಿಸುವ ಮುಳ್ಳು ಸರಕ್ಕನೆ ಮೇಲೆ ಹೋಯಿತು. ಅಳು ಬಂದುಬಿಟ್ಟಿತು ನನಗೆ, ಹೊಗೆ ಎಂದುಕೊಂಡು ಒರೆಸಿಕೊಂಡೆ. ಅರ್ಧ ಗಂಟೆಯಲ್ಲಿ ಎಲ್ಲ ತಣ್ಣಗಾಯಿತು. ಒಂದು ಮನೆ ಹೋಯಿತು, ಐದು ಉಳಿದವು. ಬರುತ್ತಿದ್ದ ನಂಜನಗೂಡಿನವರನ್ನು ಅರ್ಧ ದಾರಿಯಿಂದಲೇ ವಾಪಸು ಕಳಿಸಿದೆವು.

ಸೊಸೆ ಷೇರ್ ಆಟೊದಲ್ಲಿ ಬಂದಿಳಿದಳು. ಗಾರ್ಮೆಂಟ್ಸಿನ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತಂತೆ, ಮನೆಯಲ್ಲಿ ಆಕೆ ಮತ್ತು ಮಾವ, ಇಬ್ಬರೇ. ಮಾವನ ಮೈ ಮುಟ್ಟಿ ಮುಟ್ಟಿ ನೋಡಿದಳು. ಒಳಗೆ ಹೋಗಿ ಗೋಡೆಯ ಬುದ್ಧನ ಪಟವನ್ನು ಮಸಿ ಒರೆಸಿ ತಂದು ಮಾವನ ಪಕ್ಕ ಇಟ್ಟಳು. ಆಮೇಲೆ ನೆರೆಮನೆಯಿಂದ ಚೊಂಬು ಇಸಿದುಕೊಂಡು ನಮಗೆಲ್ಲ ಕುಡಿಯಲು ನೀರು ಕೊಟ್ಟಳು.

ಪೈಪು ಸುತ್ತುವಾಗ ಜನ ಗಾಡಿಯ ಬಾಗಿಲು ನೋಡಿ ನಗುವುದು ಕೇಳಿಸಿತು. ನೀರು ಚಿಮ್ಮಿ ಚಿಮ್ಮಿ ನಾನು ಅಂಟಿಸಿದ ಪೇಪರು ನೆನೆದು ಜಾರಿ ಬಿದ್ದಿತ್ತು. ದೊಡ್ಡವರ ಮುಖ ತೊಳೆದ ಹಾಗೆ ಹೊಳೆಯುತ್ತ, ಸುಟ್ಟ ಮನೆಯನ್ನು ನೋಡಿ ನಗುತ್ತಿತ್ತು. ಯಾರೋ ಮೊಬೈಲಿನಲ್ಲಿ ಫೋಟೊ ಹೊಡೆದರು.

ಸಂಜೆಯ ಹೊತ್ತಿಗೆ ಆ ಫೋಟೊ ಎದುರು ಪಕ್ಷದವರ ವಾಟ್ಸ್ಯಾಪಿನಲ್ಲಿ ಓಡಾಡುತ್ತಿತ್ತು. ನೀತಿ ಸಂಹಿತೆ ಇರುವಾಗ ಫೋಟೊ ಹಾಕಿಕೊಂಡು ಕಾಲೊನಿಗೆ ಗಾಡಿ ನುಗ್ಗಿಸಿ ಪ್ರಚಾರ ಮಾಡಿದ್ದಾರೆ ಎಂದು ದೂರು ಬಿತ್ತು. ಚಿತ್ರದಲ್ಲಿ ಬಾಗಿಲು, ಮುಖ, ಅಷ್ಟೇ ಇತ್ತು. ಮನೆ ಇರಲಿಲ್ಲ, ಬೆಂಕಿ ಇರಲಿಲ್ಲ. ವಿವರಣೆ ಕೇಳಿ ನೋಟಿಸು ಬಂತು. ಸಾಹೇಬರು ನನ್ನನ್ನು ಬೈಯಲಿಲ್ಲ, ಅತ್ತರು. ಅತ್ತು, ಮುಖ ತೊಳೆದುಕೊಂಡು ಬಂದು ಉತ್ತರ ಬರೆದರು: ಸದರಿ ವಾಹನವು ಬಂದ ದಿನದಿಂದ ಠಾಣೆಯನ್ನು ಬಿಟ್ಟು ಹೊರಗೆ ಹೋಗಿರುವುದಿಲ್ಲ, ಚಿತ್ರವು ವಾಹನವನ್ನು ತರುವ ದಾರಿಯಲ್ಲಿ ತೆಗೆದದ್ದಾಗಿರುತ್ತದೆ. ಆಗ ಬಾಗಿಲಿಗೆ ಆ ಮುಖ ಅಂಟಿಸಿಯೇ ಇರಲಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ಮುದಿಗಾಡಿ ವರ್ಕ್‌ಷಾಪಿನಲ್ಲಿರುವುದು ಬರಹದಲ್ಲೇ ಇತ್ತು. ಹೊಸ ಗಾಡಿ ಹೋಗಿಲ್ಲ, ಹಳೆಯದು ಊರಲ್ಲಿಲ್ಲ. ಅಂದಮೇಲೆ ನಾವು ಯಾವ ಬೆಂಕಿಗೂ ಹೋಗಿಲ್ಲ.

ನನಗೆ ಮೆಮೊ ಸಹ ಕೊಡಲಿಲ್ಲ. ಕೊಟ್ಟರೆ ಗಾಡಿ ಹೋಗಿತ್ತು ಎಂದು ಒಪ್ಪಿಕೊಂಡ ಹಾಗೆ. ಲಾಗ್ ಪುಸ್ತಕದಲ್ಲಿ ಓಡಿದ ದೂರ, ಪಂಪು ನಡೆದ ಹೊತ್ತು, ಸ್ಥಳ, ಎಲ್ಲ ನಾನು ಬರೆದು ಸೈನ್ ಹಾಕಿದ್ದೆ. ಆ ಪುಸ್ತಕ ಬೆಳಗಾಗುವಷ್ಟರಲ್ಲಿ ಇರಲಿಲ್ಲ, ಹೊಸದು ಇತ್ತು. ಜಗಲಿಗೆ ಉಜ್ಜಿದ ಜಾಗಕ್ಕೆ ಪೇಂಟ್ ಬಳಿದು, ಹೊಸ ಪೇಪರ್ ಅಂಟಿಸಿ, ಹೊಸ ರಿಬ್ಬನ್ ಕಟ್ಟಿದರು. ಕಟ್ಟಿದವರಲ್ಲಿ ನಾನೂ ಇದ್ದೆ.

ವಾರ ಕಳೆಯುವಷ್ಟರಲ್ಲಿ ಆ ಹೆಣ್ಣುಮಗಳು ಬಂದಳು. ಮನೆ ಸುಟ್ಟವರಿಗೆ ಸರ್ಕಾರದಿಂದ ಪರಿಹಾರ ಬರಬೇಕಾದರೆ ತಾಲ್ಲೂಕು ಕಚೇರಿಗೆ ನಮ್ಮ ವರದಿ ಕೊಡಬೇಕು. ಬೆಂಕಿ ಬಿದ್ದದ್ದು ನಿಜ, ಇಷ್ಟು ನಷ್ಟವಾಗಿದೆ ಎಂಬ ಒಂದು ಹಾಳೆ. ಆಕೆಗೆ ಬೇಕಾದದ್ದು ಅಷ್ಟೇ. ಸಾಹೇಬರು ಪುಸ್ತಕ ತಿರುವಿದ ಹಾಗೆ ಮಾಡಿ, ಆ ದಿನ ಯಾವ ಕರೆಯೂ ಬಂದಿಲ್ಲವಲ್ಲಮ್ಮ ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಆಕೆ ನಕ್ಕಳು. ಸಾಹೇಬರು ನಗಲಿಲ್ಲ.

ಮತ್ತೆ ಬಂದಳು, ಒಂದು ದಿನದ ಕೆಲಸ ಬಿಟ್ಟು. ಮತ್ತೂ ಬಂದಳು. ಮಾವನನ್ನು ನೆಂಟರ ಮನೆಯ ಜಗಲಿಯಲ್ಲಿ ಟಾರ್ಪಾಲ್ ಕಟ್ಟಿ ಮಲಗಿಸಿದ್ದಳು. ಮುಂಗಾರಿನ ಮೊದಲ ಮಳೆ ಬಿದ್ದಾಗಿತ್ತು. ಹೆಂಚು ಹೊದಿಸದೆ ಮನೆಗೆ ಹೋಗುವ ಹಾಗಿಲ್ಲ, ಕಾಗದವಿಲ್ಲದೆ ಹೆಂಚಿಲ್ಲ. ಕಾಲೊನಿಯವರೆಲ್ಲ ಸೈನ್ ಹಾಕಿದ ಅರ್ಜಿಯನ್ನೂ ತಂದಿದ್ದಳು. ಸಾಹೇಬರು ಇವತ್ತು ನಾಳೆ ಎಂದು ಮೂಗಿಗೆ ತುಪ್ಪ ಸವರಿದರು. ಆಕೆ ಬಂದಾಗಲೆಲ್ಲ ನಾನು ಗಾಡಿಯ ಆಚೆ ಬದಿಗೆ ಹೋಗಿ ಏನಾದರೂ ಒರೆಸುತ್ತ ನಿಲ್ಲುತ್ತಿದ್ದೆ. ಬೆಂಕಿಗೆ ಹೆದರದವನು ಒಬ್ಬ ಹೆಣ್ಣುಮಗಳ ಕಣ್ಣಿಗೆ ಹೆದರಿ ಅಡಗಿಕೊಂಡೆ.

ಚುನಾವಣೆ ಮುಗಿಯಿತು. ದೊಡ್ಡವರು ಗೆದ್ದರು. ಪೇಪರ್ ತೊಳೆದೆವು, ಮುಖ ಹಾಗೇ ಸಿಕ್ಕಿತು. ಮೂರನೆಯ ಸಲ ಶಾಮಿಯಾನ ಎದ್ದಿತು. ಈ ಗಾಡಿ ಇವತ್ತಿನಿಂದ ನಿಮ್ಮ ಸೇವೆಗೆ, ಇದರ ಚಕ್ರ ಇವತ್ತು ಮೊದಲ ಸಲ ಉರುಳುತ್ತಿದೆ ಎಂದು ದೊಡ್ಡವರು ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಕಾಲೊನಿಯ ಜನರೂ ಒಂದಷ್ಟು ಮಂದಿ ಇದ್ದರು, ಅವರು ತಟ್ಟಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಪೇಟ ಸುತ್ತಿಸಿಕೊಂಡು ನಾನು ಫೋಟೊಗಾಗಿ ಗಾಡಿಯನ್ನು ಹತ್ತು ಅಡಿ ಮುಂದೆ ಓಡಿಸಿದೆ.

ಆ ರಾಮಾಯಣ ಮುಗಿದ ಮೇಲೆ ಸಾಹೇಬರ ಹತ್ತಿರ ಹೋಗಿ ನಿಂತೆ. ನಿಮ್ಮ ಕೆಲಸವೂ ಉಳಿಯಿತು, ದೊಡ್ಡವರ ಮರ್ಯಾದೆಯೂ ಉಳಿಯಿತು, ಈಗಲಾದರೂ ಆಕೆಗೆ ನಿಜ ಬರೆದುಕೊಡಿ, ಇಲ್ಲದಿದ್ದರೆ ನಾನೇ ಮೇಲಿನವರಿಗೆ ಬರೆಯುತ್ತೇನೆ ಎಂದೆ. ಒಂದು ಸಲ ಇಲ್ಲ ಎಂದು ಬರೆದುಕೊಟ್ಟ ಮೇಲೆ ಹೌದು ಎನ್ನುವುದು ಹೇಗೆ ಎಂದರು. ನೀನು ಬರೆದರೆ ವಿಚಾರಣೆ ಶುರುವಾಗುತ್ತದೆ, ಅದು ಮುಗಿಯುವವರೆಗೆ ಆಕೆಯ ಕಾಗದವನ್ನು ಯಾರೂ ಮುಟ್ಟುವುದಿಲ್ಲ, ಎರಡು ವರ್ಷವೋ ಮೂರು ವರ್ಷವೋ ಎಂದರು. ಅದು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಆಮೇಲೆ ತಾವೇ ಒಂದು ದಾರಿ ಹುಡುಕಿದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಬೆಂಕಿ ಬಿದ್ದದ್ದು ನಿಜವೆಂದು ವರದಿ ಕೊಡುವುದು, ಆದರೆ ಅದಕ್ಕೆ ಮೊದಲು ಆಕೆ ಒಂದು ಹೇಳಿಕೆ ಬರೆದುಕೊಡಬೇಕು.

ಸೋಮವಾರ ಆಕೆಯನ್ನು ಕರೆಸಿದರು. ಹೇಳಿಕೆಯನ್ನು ಮೊದಲೇ ಟೈಪು ಮಾಡಿಸಿದ್ದರು. ನಾನು ಷೆಡ್ಡಿನಲ್ಲಿ ಗಾಡಿಯ ಟ್ಯಾಂಕು ತುಂಬಿಸುತ್ತಿದ್ದೆ, ಈ ಸಲ ಅಡಗಿಕೊಳ್ಳಲಿಲ್ಲ. ಹತ್ತನೇ ಕ್ಲಾಸು ಓದಿದ ಹೆಣ್ಣು, ಅಕ್ಷರ ಅಕ್ಷರ ಓದಿಕೊಂಡು, ಕಾಗದ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ಬೆರಳಿಟ್ಟು ತೋರಿಸಿದಳು. ಕರೆ ಮಾಡಲು ಫೋನು ಸಿಗದ ಕಾರಣ ಅಗ್ನಿಶಾಮಕ ವಾಹನ ಬಂದಿರುವುದಿಲ್ಲ, ಅಕ್ಕಪಕ್ಕದವರೇ ಬಿಂದಿಗೆಯಲ್ಲಿ ನೀರು ತಂದು ಬೆಂಕಿ ಆರಿಸಿರುತ್ತಾರೆ ಎಂದಿತ್ತು.

"ಅಣ್ಣ, ನಮ್ ಮಾವನ್ನ ಎತ್ತಿ ಆಚೆಗ್ ತಂದೋರು ನೀವು," ಎಂದಳು. "ನೀವು ಬರ್ನೇ ಇಲ್ಲ ಅಂತ ಬರ್ದವ್ರೆ. ಸೈನ್ ಆಕ್ಲಾ?"

ಬೇಡ ಎನ್ನಬಹುದಿತ್ತು. ಆಕೆ ಹಾಕುತ್ತಿರಲಿಲ್ಲ, ನನ್ನ ಮಾತು ಕೇಳುವುದಕ್ಕೇ ಬಂದಿದ್ದಳು. ಆಚೆ ಮೋಡ ಮುಚ್ಚಿಕೊಂಡಿತ್ತು. ಆ ಮುದುಕ ಟಾರ್ಪಾಲಿನ ಕೆಳಗೆ ಮಲಗಿದ್ದ.

"ಆಕವ್ವ," ಎಂದೆ. "ನಾವು ಬರ್ನಿಲ್ಲ."

ಆಕೆ ನನ್ನ ಮುಖವನ್ನು ನೋಡಿದಳು. ಪೆನ್ನು ಕೇಳಿದಳು, ನನ್ನ ಜೇಬಿನದನ್ನು ಕೊಟ್ಟೆ. ಕಾಗದವನ್ನು ಗಾಡಿಯ ಮಡ್‌ಗಾರ್ಡಿನ ಮೇಲೆ ಇಟ್ಟುಕೊಂಡು ಸೈನ್ ಹಾಕಿದಳು.